ಕೊರಳಿನ ತಗಡು

ಆ ಇಂಜಿನ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದೇ ಮೊದಲ ದಿನ ನನಗೆ ತಿಳಿಯಲಿಲ್ಲ. ನಂಜನಗೂಡು ರಸ್ತೆಯ ಬದಿಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಹಳೆಯ ಶೆಡ್. ಒಳಗೆ ಹಳಿ. ಹಳಿಯ ಮೇಲೆ ಮುಂದೊಂದು ಇಂಜಿನ್, ಹಿಂದೊಂದು ಇಂಜಿನ್, ಎರಡರ ನಡುವೆ ತೊಟ್ಟಿಲಿನಂತೆ ಕೂತಿದ್ದ ಒಂದೇ ಒಂದು ದೊಡ್ಡ ಬಾಯ್ಲರ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗುವಷ್ಟರಲ್ಲಿ ನನ್ನ ಹೆಗಲ ಮೇಲಿನ ಸಲಕರಣೆಯ ಚೀಲ ಭಾರವಾಗಿತ್ತು.

ದೇಶದ ಪೂರ್ವ ಭಾಗದ ಗಣಿ ಸೀಮೆಯಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿಗಳನ್ನು ಘಟ್ಟ ಹತ್ತಿಸಲೆಂದು ಮಾಡಿದ ಇಂಜಿನ್ ಅದು. ಅಷ್ಟು ಭಾರ ಎಳೆಯಲು ಉದ್ದನೆಯ ಇಂಜಿನ್ ಬೇಕು. ಉದ್ದನೆಯ ಇಂಜಿನ್ ಬಿಗಿ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅದಕ್ಕೇ ಅದನ್ನು ಮೂರು ತುಂಡಾಗಿ ಕಟ್ಟಿ ಎರಡು ಕೀಲುಗಳ ಮೇಲೆ ಕೂರಿಸಿದ್ದರು. ತಿರುವು ಬಂದರೆ ಮುಂದಿನ ತುಂಡು ಮೊದಲು ತಿರುಗುತ್ತದೆ, ಆಮೇಲೆ ಬಾಯ್ಲರ್, ಕೊನೆಗೆ ಹಿಂದಿನ ತುಂಡು. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಜೋಡಿ ಇಂಜಿನ್ ಎನ್ನುತ್ತಿದ್ದರು. ಹಳೆಯ ಇಂಜಿನ್‌ಗಳ ಮೇಲೆ ಪ್ರೀತಿಯಿದ್ದ ಕೆಲವರು ಸೇರಿ ಕಟ್ಟಿದ ಟ್ರಸ್ಟ್ ಅದನ್ನು ಗುಜರಿಯಿಂದ ಉಳಿಸಿ ತಂದಿತ್ತು. ಮತ್ತೆ ಬೆಂಕಿ ಹಾಕಿ, ಹಬೆಯಲ್ಲಿ ಓಡಿಸಿ, ಜನರಿಗೆ ತೋರಿಸಬೇಕೆಂಬುದು ಅವರ ಆಸೆ.

ನನ್ನ ಕೆಲಸ ಲೋಹದ ದಪ್ಪ ಅಳೆಯುವುದು. ಅಕ್ಕಿ ಗಿರಣಿ, ಬಣ್ಣದ ಘಟಕ, ದೊಡ್ಡ ಅಡುಗೆಮನೆ, ಎಲ್ಲಿ ಬಾಯ್ಲರ್ ಇದೆಯೋ ಅಲ್ಲಿಗೆ ಚಾಮರಾಜಪುರಂನ ಮನೆಯಿಂದ ಸ್ಕೂಟರ್‌ನಲ್ಲಿ ಹೋಗಿ, ತಗಡಿನ ಮೇಲೆ ಅಂಟು ಜೆಲ್ ಹಚ್ಚಿ, ಸಣ್ಣ ಪ್ರೋಬ್ ಒತ್ತಿ, ಶಬ್ದದ ಅಲೆ ಒಳಗೆ ಹೋಗಿ ಮರಳುವುದನ್ನು ನೋಡುತ್ತೇನೆ. ಅಲೆ ಬೇಗ ಮರಳಿದರೆ ತಗಡು ಸವೆದಿದೆ ಎಂದರ್ಥ. ರೈಲಿನ ಇಂಜಿನ್ ಮುಟ್ಟಿದ್ದು ಅದೇ ಮೊದಲು.

ಶೆಡ್ಡಿನ ಬಾಯ್ಲರ್ ಕೆಲಸವೆಲ್ಲ ಒಬ್ಬ ಮೇಸ್ತ್ರಿಯ ಕೈಯಲ್ಲಿತ್ತು. ಹಣೆಯ ಮೇಲೆ ವಿಭೂತಿ, ಕಿವಿಯ ಹಿಂದೆ ಸೀಮೆಸುಣ್ಣ, ಮಾತು ಕಡಿಮೆ. ನನ್ನನ್ನು ನೋಡಿದವರೇ ಕೈ ತೋರಿಸಲು ಹೇಳಿದರು. ತೋರಿಸಿದೆ. ಸಣ್ಣ ಕೈ, ಒಳಗೆ ಹೋಗುತ್ತದೆ ಎಂದಷ್ಟೇ ಅಂದು ಏಣಿ ಹಿಡಿದರು. ಎರಡು ವರ್ಷದಿಂದ ಅವರು ಆ ಬಾಯ್ಲರ್ ಜೊತೆಗಿದ್ದರು. ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕಿದ್ದರು. ಕಲ್ಲಿದ್ದಲು ಉರಿಯುವ ಬೆಂಕಿಪೆಟ್ಟಿಗೆಯ ಒಳಗೋಡೆಯನ್ನೂ ಹೊರಗೋಡೆಯನ್ನೂ ಹಿಡಿದಿಡುವ ನೂರಾರು ಸ್ಟೇ ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ, ಮಂಕಾಗಿ ಕೇಳಿಸಿದವನ್ನು ಬದಲಿಸಿದ್ದರು.

ಅಲ್ಲಿ ಇನ್ನೊಬ್ಬರಿದ್ದರು. ಉದಯಗಿರಿಯಿಂದ ದಿನಾ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಬರುತ್ತಿದ್ದ, ಎಂಬತ್ತರ ಹತ್ತಿರದ ಹಿರಿಯರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಪೂರ್ವಕ್ಕೆ ಹೋಗಿ, ಇದೇ ಇಂಜಿನ್ನಿನಲ್ಲಿ, ಇದರ ಬೆಂಕಿ ಆರುವ ಕೊನೆಯ ದಿನದವರೆಗೂ, ಫೈರ್‌ಮನ್ ಆಗಿದ್ದವರು. ಇಬ್ಬರು ಫೈರ್‌ಮನ್‌ಗಳು ಸರದಿಯಲ್ಲಿ ಕಲ್ಲಿದ್ದಲು ಎಸೆದರೂ ಇದರ ಹೊಟ್ಟೆ ತುಂಬುತ್ತಿರಲಿಲ್ಲವಂತೆ. ಅವರು ಡ್ರೈವರ್ ಆಗುವ ಹೊತ್ತಿಗೆ ಉಗಿ ಇಂಜಿನ್‌ಗಳ ಕಾಲ ಮುಗಿದಿತ್ತು. ನಿವೃತ್ತಿಯವರೆಗೂ ಓಡಿಸಿದ್ದು ಡೀಸೆಲ್. ಹಬೆ ಬಿಡುವ ರೆಗ್ಯುಲೇಟರ್ ಹಿಡಿಯನ್ನು ಮುಟ್ಟಲು ಆಗಿನ ಡ್ರೈವರ್ ಇವರನ್ನು ಒಮ್ಮೆಯೂ ಬಿಟ್ಟಿರಲಿಲ್ಲ. ಇಂಜಿನ್ ಸಿದ್ಧವಾದ ದಿನ ಅದನ್ನು ಹಿಡಿಯುವವರು ಚಾಚಾನೇ ಎಂದು ಟ್ರಸ್ಟಿನವರು ಮಾತು ಕೊಟ್ಟಿದ್ದರು. ಅವರು ಪ್ರತಿದಿನ ಡ್ರೈವರ್ ನಿಲ್ಲುವ ಕ್ಯಾಬಿಗೆ ಹತ್ತಿ, ಆ ಹಿಡಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ಇಳಿಯುತ್ತಿದ್ದರು.

ಅಳತೆ ಶುರುಮಾಡಿದೆ. ಬಾಯ್ಲರಿನ ಮೈಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದು, ಒಂದೊಂದು ಚೌಕದಲ್ಲೂ ಪ್ರೋಬ್ ಒತ್ತುತ್ತಾ ಹೋದೆ. ಬೇಸಿಗೆ. ಶೆಡ್ಡಿನ ತಗಡಿನ ಮಾಡು ಕಾದು, ಮಧ್ಯಾಹ್ನದ ಹೊತ್ತಿಗೆ ಜೆಲ್ ಕರಗಿ ಇಳಿಯುತ್ತಿತ್ತು. ಬಾಯ್ಲರಿನ ದುಂಡನೆಯ ಭಾಗ ಚೆನ್ನಾಗಿತ್ತು. ಬೆಂಕಿಪೆಟ್ಟಿಗೆಯ ಪಕ್ಕಗಳು ಅಲ್ಲಲ್ಲಿ ಸವೆದಿದ್ದರೂ ಮಿತಿಯೊಳಗಿದ್ದವು. ಮೇಸ್ತ್ರಿ ಪ್ರತಿ ಸಂಜೆ ಬಂದು, ನನ್ನ ಮುಖ ನೋಡಿ ಹೋಗುತ್ತಿದ್ದರು.

ತೊಂದರೆ ಎದುರಾದದ್ದು ಕೊರಳಿನಲ್ಲಿ. ದುಂಡನೆಯ ಬಾಯ್ಲರ್ ಚೌಕನೆಯ ಬೆಂಕಿಪೆಟ್ಟಿಗೆಗೆ ಬಂದು ಸೇರುವ ಕಡೆ, ಕೆಳಭಾಗದಲ್ಲಿ, ಬಾಗಿಸಿದ ಒಂದು ತಗಡಿದೆ. ಹೊರಗಿನಿಂದ ಅದನ್ನು ತೊಟ್ಟಿಲಿನ ಚೌಕಟ್ಟು ಮರೆಮಾಡಿತ್ತು. ಒಳಗಿನಿಂದ ನೋಡೋಣವೆಂದರೆ ಎರಡು ಗೋಡೆಗಳ ನಡುವೆ ನೀರು ನಿಲ್ಲುವ, ಅಂಗೈ ಅಗಲದ ಸಂದು. ನಾನು ಚೌಕಟ್ಟಿನ ಕೆಳಗೆ ಬೆನ್ನ ಮೇಲೆ ಮಲಗಿ, ತೋಳನ್ನು ಭುಜದವರೆಗೂ ಚೌಕಟ್ಟಿನ ಸಂದಿಗೆ ತೂರಿಸಿ, ಕಣ್ಣಿಗೆ ಕಾಣದ ಕಡೆ ಪ್ರೋಬ್ ಒತ್ತಬೇಕಿತ್ತು. ಒಮ್ಮೆ ಪೂರ್ತಿ ದಪ್ಪ ತೋರಿಸಿತು. ಅರ್ಧ ಬೆರಳು ಸರಿಸಿದರೆ ಅರ್ಧಕ್ಕಿಂತ ಕಡಿಮೆ. ಇನ್ನಷ್ಟು ಸರಿಸಿದರೆ ಏನೂ ಇಲ್ಲ, ಖಾಲಿ ಪರದೆ.

ಜೆಲ್ ಒಣಗಿರಬೇಕು ಎಂದರು ಮೇಸ್ತ್ರಿ. ಮತ್ತೆ ಹಚ್ಚಿದೆ. ತಗಡು ಅಲ್ಲಿ ಬಾಗಿದೆಯಲ್ಲ, ಅಲೆ ಓರೆಯಾಗಿ ಹೋಗುತ್ತದೆ ಎಂದರು. ಅದೂ ನಿಜವಿರಬಹುದಿತ್ತು. ಸಣ್ಣ ಪ್ರೋಬ್ ತಂದು ಪ್ರಯತ್ನಿಸಿದೆ. ತೊಳೆಯುವ ತೂತಿನಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದೆ. ಕಂಡದ್ದು ಕಲ್ಲಿನಂತೆ ಗಟ್ಟಿಯಾದ ಬಿಳಿ ಸುಣ್ಣದ ಪದರ. ಮೇಸ್ತ್ರಿಯ ಬ್ರಷ್ ತಲುಪದ ಮೂಲೆಯಲ್ಲಿ ಅದು ಹಾಗೇ ಉಳಿದಿತ್ತು. ಅದರ ಹಿಂದೆ ಏನಿದೆಯೋ ಕಾಣಲಿಲ್ಲ.

ನನ್ನ ಅನುಮಾನವನ್ನು ಚಾಚಾಗೂ ಹೇಳಿದೆ. ಅವರು ಚೌಕಟ್ಟಿನ ಸಂದಿಯಲ್ಲಿ ಒಂದು ಉದ್ದನೆಯ ಸಲಾಕೆ ತೂರಿಸಿ ಆ ತಗಡನ್ನು ತಟ್ಟಿದರು. ಕಿವಿಗೊಟ್ಟು ಕೇಳಿದರು. ಗಂಟೆ ಥರ ಇದೆ, ಏನೂ ಆಗಿಲ್ಲ ಎಂದು ನಕ್ಕರು. ನನಗೂ ಅದು ಗಂಟೆಯ ಹಾಗೇ ಕೇಳಿಸಿತು.

ನೀರು ತುಂಬಿ ಪರೀಕ್ಷೆ ಮಾಡೋಣ, ನೀರೇ ಹೇಳಲಿ ಎಂದು ತೀರ್ಮಾನವಾಯಿತು. ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರ್ ಬರುವ ಮುಂಚೆ ನಾವೇ ಒಮ್ಮೆ ಮಾಡಿಕೊಳ್ಳುವ ಪರೀಕ್ಷೆ ಅದು. ಬಾಯ್ಲರಿಗೆ ಮೇಲ್ತುದಿಯವರೆಗೂ ನೀರು ತುಂಬಿ, ಮೇಲಿನ ನಲ್ಲಿಯಿಂದ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಕೈಪಂಪಿನಿಂದ ಒತ್ತಡ ಏರಿಸಬೇಕು. ಇಂಜಿನ್ ಓಡುವಾಗ ಇರುವ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚಿಗೆ. ಗಾಳಿಯಾಗಲಿ ಹಬೆಯಾಗಲಿ ಇದ್ದರೆ ಬಾಯ್ಲರ್ ಒಡೆದಾಗ ಸಿಡಿಯುತ್ತದೆ. ನೀರಾದರೆ ಸೋರುತ್ತದೆ ಅಷ್ಟೆ.

ಆ ದಿನ ಮೇಸ್ತ್ರಿ ತಾವೇ ಪಂಪ್ ಒತ್ತಿದರು. ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಏರಿತು. ನಾವು ಟಾರ್ಚ್ ಹಿಡಿದು ಸುತ್ತಲೂ ಓಡಾಡಿದೆವು. ಒಂದೆರಡು ಕೊಳವೆಗಳ ತುದಿಯಲ್ಲಿ ಬೆವರಿನಂತೆ ನೀರು ಜಿನುಗಿತು. ಒಂದು ಸ್ಟೇ ಬೋಲ್ಟಿನಿಂದ ಹನಿ ಬಿತ್ತು. ಕೊರಳಿನ ತಗಡಿನ ಕೆಳಗೆ ಮಲಗಿ ನಾನು ಬೆರಳಾಡಿಸಿದೆ. ಒಣಗಿತ್ತು. ಮುಳ್ಳು ಏರಿದ ಕಡೆಯೇ ನಿಂತಿತು, ಕೆಳಗಿಳಿಯಲಿಲ್ಲ.

ಮೇಸ್ತ್ರಿ ಒಂದು ತೆಂಗಿನಕಾಯಿ ಒಡೆದರು. ಚಾಚಾ ಕ್ಯಾಬಿನಲ್ಲಿ ಒಬ್ಬರೇ ನಿಂತಿದ್ದರು. ಟ್ರಸ್ಟಿನ ಕಾರ್ಯದರ್ಶಿ ಎಲ್ಲರ ಕೈ ಕುಲುಕಿ, ನನ್ನ ಹತ್ತಿರ ಬಂದು, ವರದಿ ಬೇಗ ಕೊಟ್ಟರೆ ಇನ್ಸ್‌ಪೆಕ್ಟರನ್ನು ಕರೆಸಬಹುದು ಎಂದರು. ಅವರು ಕೆಟ್ಟವರಲ್ಲ. ಕೊರಳಿನ ವಿಷಯ ನಾನು ಎತ್ತಿದಾಗ ಶಾಂತವಾಗಿಯೇ ಕೇಳಿಸಿಕೊಂಡರು. “ನಿಮಗೆ ಅಲ್ಲಿ ಬಿರುಕು ಕಾಣಿಸ್ತಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಕಾಣಲಿಲ್ಲ ಅಂತಲೇ ಬರೀರಿ. ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ.”

ಸುಳ್ಳಲ್ಲ ನಿಜ. ಅಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ. ಆದರೆ ವರದಿ ಓದುವವರು ಕಾಣಲಿಲ್ಲ ಎಂಬುದನ್ನು ಇಲ್ಲ ಎಂದೇ ಓದುತ್ತಾರೆ. ನಾನು ಅಳೆಯಲಾಗದ ಜಾಗವನ್ನು ಅಳೆದೆ ಎಂದ ಹಾಗಾಗುತ್ತದೆ. ತಣ್ಣೀರಿನಲ್ಲಿ ಒಮ್ಮೆ ಹಿಡಿದುಕೊಂಡ ತಗಡು, ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಮತ್ತೆ ಹಿಗ್ಗುವಾಗ ಏನು ಮಾಡೀತು? ಅದಕ್ಕೆ ಸುತ್ತಿಗೆಯ ಶಬ್ದವಾಗಲಿ ನೀರಾಗಲಿ ಉತ್ತರ ಕೊಟ್ಟಿರಲಿಲ್ಲ.

ಎರಡು ದಾರಿಗಳಿದ್ದವು. ಒಂದು, ಇಡೀ ಬಾಯ್ಲರನ್ನು ತೊಟ್ಟಿಲಿನಿಂದ ಎತ್ತಿ ಹೊರಗಿಡುವುದು. ಅಂಥ ಕ್ರೇನ್ ಟ್ರಸ್ಟಿನ ಕೈಗೆ ಎಟುಕುವಂಥದ್ದಲ್ಲ. ಇನ್ನೊಂದು, ಅಳತೆ ಹದಗೆಟ್ಟ ಜಾಗದಲ್ಲಿ ತಗಡಿನಿಂದ ಒಂದು ಬಿಲ್ಲೆಯನ್ನು ಕೊರೆದು ತೆಗೆದು, ಕಣ್ಣಾರೆ ನೋಡುವುದು. ಬಿಲ್ಲೆ ಚೆನ್ನಾಗಿದ್ದರೆ ಆಗ ತಪ್ಪು ನನ್ನದು. ಕೊರಳಿನಂಥ ಜಾಗದಲ್ಲಿ ತೇಪೆ ಹಾಕಿದ ಬಾಯ್ಲರಿಗೆ ಇನ್ಸ್‌ಪೆಕ್ಟರ್ ಅನುಮತಿ ಕೊಡುವುದು ಅನುಮಾನ. ಪರೀಕ್ಷೆ ಗೆದ್ದ ಬಾಯ್ಲರನ್ನು ಕೊಂದವಳು ಎಂಬ ಹೆಸರು ಹೊತ್ತುಕೊಂಡು ನಾನು ಈ ಊರಿನಲ್ಲಿ ಕೆಲಸ ಮಾಡಬೇಕಾಗುತ್ತಿತ್ತು.

ಮನೆಯಲ್ಲಿ ಎರಡು ದಿನ ವರದಿ ಬರೆಯುವುದು, ಅಳಿಸುವುದು ಮಾಡಿದೆ. ಮೂರನೆಯ ದಿನ ಒಂದು ಅಕ್ಕಿ ಗಿರಣಿಗೆ ಹೋಗಿದ್ದೆ. ಅಲ್ಲಿನ ಬಾಯ್ಲರ್ ನೋಡಿಕೊಳ್ಳುವವನು ಅದರ ಬೆಂಕಿಬಾಗಿಲ ಮುಂದೆಯೇ ಗೋಣಿಚೀಲ ಹಾಸಿ ಕೂತು, ಸ್ಟೀಲ್ ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದ. ಅಲ್ಲಿ ಯಾಕೆ ಕೂತಿದ್ದೀಯ ಎಂದರೆ, ನೀವು ಹೋದ ವರ್ಷ ನೋಡಿ ಹೋಗಿದ್ದೀರಲ್ಲ ಮೇಡಂ, ಇನ್ನೇನು ಭಯ ಎಂದ. ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ, ಬಿಲ್ಲೆ ಕೊರೆಯದೆ ನಾನು ವರದಿ ಕೊಡುವುದಿಲ್ಲ ಎಂದೆ. ಹಾಗಾದರೆ ಮೇಸ್ತ್ರಿಗೆ ನೀವೇ ಹೇಳಿ ಎಂದರು ಅವರು.

ಮೇಸ್ತ್ರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೂತು, ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಒಂದೊಂದು ಬೋಲ್ಟೂ ನನ್ನ ಕೈಲಿ ತಿರುಗ್ಸಿದೀನಿ ಮೇಡಂ. ನೀರಲ್ಲಿ ಗೆದ್ದದೆ. ಅದುಕ್ಕೆ ತೂತು ಹಾಕಿ ನೋಡ್ಬೇಕು ಅಂತೀರಲ್ಲ.”

“ತೂತು ಹಾಕದೆ ನಂಗೆ ಗೊತ್ತಾಗಲ್ಲ ಮೇಸ್ತ್ರಿ. ಗೊತ್ತಿಲ್ಲದೆ ಚಾಚಾನ ಅಲ್ಲಿ ನಿಲ್ಲಿಸೋಕೆ ನನ್ನ ಕೈಲಾಗಲ್ಲ.”

ಅವರು ಸೀಮೆಸುಣ್ಣವನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಎದ್ದರು. ಬೇರೆಯವರ ಕೈಗೆ ಡ್ರಿಲ್ ಕೊಡಲಿಲ್ಲ. ಆಯಸ್ಕಾಂತದ ಬುಡವಿರುವ ಡ್ರಿಲ್ ಚೌಕಟ್ಟಿನ ಸಂದಿಯಲ್ಲಿ ಕೂರುತ್ತಿರಲಿಲ್ಲ. ಒಂದು ಇಡೀ ದಿನ ಅದಕ್ಕೊಂದು ಕಬ್ಬಿಣದ ಪೀಠ ಬೆಸೆದರು. ಮಾರನೆಯ ದಿನ ಬೆನ್ನ ಮೇಲೆ ಮಲಗಿ, ಎಣ್ಣೆ ಹಾಕುತ್ತಾ, ನಿಧಾನವಾಗಿ ಕೊರೆದರು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ಮಲಗಿದ್ದೆ. ಚಾಚಾ ಹೊರಗೆ ಹಳಿಯ ಮೇಲೆ ಕೂತಿದ್ದರು. ಕೊರೆಯುವ ಸದ್ದು ಇದ್ದಕ್ಕಿದ್ದಂತೆ ಹಗುರಾಯಿತು. ಎಣಿಸಿದ್ದಕ್ಕಿಂತ ಬಹಳ ಬೇಗ. ಮೇಸ್ತ್ರಿ ನನ್ನತ್ತ ತಿರುಗಿದರು. ಇಬ್ಬರಿಗೂ ಅಲ್ಲೇ ಗೊತ್ತಾಗಿತ್ತು.

ಬಿಲ್ಲೆ ಎರಡು ತುಂಡಾಗಿ ಬಂತು. ಸುಣ್ಣದ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದಾಗ, ನೀರಿನ ಕಡೆಯ ಮೈಯಲ್ಲಿ, ಬಾಗು ಶುರುವಾಗುವಲ್ಲಿ, ನೇಗಿಲ ಸಾಲಿನಂಥ ಒಂದು ಗೀರು ಕಂಡಿತು. ತಗಡು ವರ್ಷಗಟ್ಟಲೆ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗಿ, ಅದೇ ಗೆರೆಯಲ್ಲಿ ಮಣಿದು, ಮಣಿದ ಕಡೆ ನೀರು ತಿಂದು, ಆಳವಾಗುತ್ತಾ ಹೋಗಿತ್ತು. ಹೊರಗಿನ ಕಡೆ ಉಳಿದಿದ್ದ ಲೋಹ ಊಟದ ಸ್ಟೀಲ್ ತಟ್ಟೆಯ ದಪ್ಪ. ಅದರ ಮೇಲೆ ಪ್ರೋಬ್ ಒತ್ತಿದಾಗ ಅಲೆ ಗೀರಿನ ಓರೆಗೆ ಬಡಿದು ಬೇರೆಲ್ಲಿಗೋ ಹೋಗುತ್ತಿದ್ದರಿಂದ ನನಗೆ ಖಾಲಿ ಪರದೆ ಕಂಡಿತ್ತು. ಕ್ಯಾಮೆರಾ ಇಳಿಸಿ ತೂತಿನ ಎರಡೂ ಬದಿ ನೋಡಿದೆವು. ಗೀರು ಎರಡೂ ಕಡೆ ಮುಂದುವರಿದಿತ್ತು.

ಚಾಚಾ ಆ ತುಂಡುಗಳನ್ನು ಕೈಯಲ್ಲಿ ತೆಗೆದುಕೊಂಡು, ಗೀರಿನೊಳಗೆ ಉಗುರಾಡಿಸಿ, ವಾಪಸ್ ಕೊಟ್ಟರು. ಬಸ್ಸಿನ ಹೊತ್ತಾಯಿತು ಎಂದು ಹೊರಟರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಆಮೇಲೆ ಅವರು ಬರಲಿಲ್ಲ. ಮೇಸ್ತ್ರಿ ಶೆಡ್ಡಿಗೆ ಬರುತ್ತಿದ್ದರು, ಉಪಕರಣಗಳನ್ನು ಒರೆಸಿ ಜೋಡಿಸಿಟ್ಟು ಹೋಗುತ್ತಿದ್ದರು. ಹೊಸ ಕೊರಳು ಮಾಡಿಸುವ ಮಾತು ಬಂತು, ಹೋಯಿತು. ನನ್ನ ಮಾತು ನಿಜವಾಯಿತೆಂದು ಯಾರೋ ಹೊಗಳಿದಾಗ ಹಿತವಾಗಲಿಲ್ಲ. ಆ ಶೆಡ್ಡಿನಲ್ಲಿ ಗೆದ್ದವರು ಯಾರೂ ಇರಲಿಲ್ಲ.

ಒಂದು ಭಾನುವಾರ ನಾನೇ ಉದಯಗಿರಿಗೆ ಹೋದೆ. ಕೆಳಗೆ ಸ್ಕೂಟರ್ ರಿಪೇರಿ ಅಂಗಡಿ, ಮೇಲೆ ಮನೆ. ಚಾಚಾನ ಹೆಂಡತಿ ಬಾಗಿಲು ತೆರೆದು, ಶೆಡ್ಡಿನಿಂದ ಬಂದ ಆ ದಿನದಿಂದ ಊಟ ಸರಿಯಾಗಿ ಮಾಡುತ್ತಿಲ್ಲ, ನೀವಾದರೂ ಹೇಳಿ ಎಂದು ಪಿಸುಗುಟ್ಟಿ ಚಹಾ ತರಲು ಹೋದರು. ಚಾಚಾ ಕಿಟಕಿಯ ಬಳಿ ಕೂತಿದ್ದರು. ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡಿದ್ದೆ. ನಿಮ್ಮ ಆಸೆ ಕೆಡಿಸಿಬಿಟ್ಟೆ ಎಂದು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

“ಅದು ಬುಡಿ. ಒಂದು ಮಾತು ಕೇಳ್ಬೇಕು. ನಾವು ಓಡುಸ್ತಿದ್ದಾಗ್ಲೂ ಅದು ಅಂಗೇ ಇತ್ತಾ?”

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಉತ್ತರ ಮಾತ್ರ ಗೊತ್ತಿತ್ತು. ಸುಣ್ಣ ಕಟ್ಟುವುದು ನೀರು ಕುದಿಯುವಾಗ. ಬೆಂಕಿ ಆರಿ ನಿಂತ ಬಾಯ್ಲರಿನಲ್ಲಿ ತುಕ್ಕು ಹಿಡಿಯುತ್ತದೆ, ಸುಣ್ಣ ಕಟ್ಟುವುದಿಲ್ಲ. ಆ ಗೀರಿನ ಒಳಗೆ ತಳದವರೆಗೂ ಸುಣ್ಣವಿತ್ತು. ಎಂದರೆ, ಇಂಜಿನ್ ಕೊನೆಯ ಸಲ ಬೆಂಕಿ ಕಂಡಾಗಲೇ ಗೀರು ಅಷ್ಟು ಆಳವಾಗಿತ್ತು. ಇದನ್ನು ಮೆದುವಾಗಿ ಹೇಳುವ ಮಾತುಗಳನ್ನು ಹುಡುಕಿದೆ. ಸಿಗಲಿಲ್ಲ.

“ಇತ್ತು ಚಾಚಾ. ಹೆಚ್ಚುಕಮ್ಮಿ ಅಷ್ಟೇ ಇತ್ತು.”

ಅವರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ಘಟ್ಟದ ಬುಡದಲ್ಲಿ ಡ್ರೈವರ್ ಮುಳ್ಳನ್ನು ಕೆಂಪು ಗೆರೆಯಿಂದ ಕೆಳಗಿಳಿಯಲು ಬಿಡುತ್ತಿರಲಿಲ್ಲವಂತೆ. ಇವರೂ ಜೊತೆಯ ಫೈರ್‌ಮನ್ನೂ ಇಪ್ಪತ್ತರ ಹುಡುಗರು. ಯಾರ ಸರದಿಯಲ್ಲಿ ಒತ್ತಡ ಮಿತಿ ಮೀರಿ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಹಬೆ ಸುಯ್ಯೆಂದು ಆಕಾಶಕ್ಕೆ ನುಗ್ಗಿದರೆ ಗೆದ್ದ ಹಾಗೆ. ಆ ತಗಡಿನಿಂದ ಅವರು ನಿಂತಿದ್ದ ಜಾಗ ಎಷ್ಟು ದೂರ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

“ಆಟ ಆಡ್ತಿದ್ವಿ ಕಣಮ್ಮ,” ಎಂದರು. “ಸಾವಿನ ಬೆನ್ನ ಮೇಲೆ ಕೂತ್ಕಂಡು ಆಟ ಆಡ್ತಿದ್ವಿ.”

ಚಹಾ ಬಂತು. ಅವರು ಕುಡಿಯಲಿಲ್ಲ. ಫೋನ್ ತರಿಸಿ, ಕನ್ನಡಕ ಹಾಕಿಕೊಂಡು, ಒಂದು ನಂಬರ್ ಹುಡುಕಿ ಒತ್ತಿದರು. ಆ ಜೊತೆಯ ಫೈರ್‌ಮನ್ ಇನ್ನೂ ಪೂರ್ವದಲ್ಲೇ, ಮಗಳ ಮನೆಯಲ್ಲಿದ್ದಾರೆಂದು ಚಾಚಾನ ಹೆಂಡತಿ ನನಗೆ ಹೇಳಿದರು. ಹಬ್ಬಕ್ಕೊಮ್ಮೆ ಮಾತಾಡುವವರು. ಚಾಚಾ ಹಿಂದಿಯಲ್ಲಿ ಮಾತಾಡಿದರು. ಮೊದಲು ಆರೋಗ್ಯ, ಮೊಮ್ಮಕ್ಕಳು. ಆಮೇಲೆ ಬಾಯ್ಲರಿನ ಕೊರಳು, ಗೀರು, ತಟ್ಟೆಯ ದಪ್ಪ. ಕೊನೆಯಲ್ಲಿ ಚಾಚಾ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ನಾವು ಮನೆಗೆ ಬಂದುಬಿಟ್ಟಿದ್ದೀವಿ ಕಣಯ್ಯಾ, ಇಬ್ಬರೂ ಬಂದುಬಿಟ್ಟಿದ್ದೀವಿ.

ಮುಂದಿನ ವಾರ ಅವರು ಶೆಡ್ಡಿಗೆ ಬಂದರು. ಗಾಳಿಯ ಯೋಚನೆ ಹೊಳೆದದ್ದು ಮೇಸ್ತ್ರಿಗೆ. ಬಾಯ್ಲರನ್ನು ಬಿಟ್ಟು, ದೊಡ್ಡ ಕಂಪ್ರೆಸರಿನಿಂದ ಸಿಲಿಂಡರಿಗೆ ನೇರ ಗಾಳಿ ಕೊಟ್ಟರೆ ಚಕ್ರ ಮೆಲ್ಲಗೆ ತಿರುಗುತ್ತದೆ. ಮುಂದಿನ ತುಂಡಿಗೆ ಹೋಗುವ ಕೊಳವೆಯ ಕೀಲುಗಳು ಸೋರುತ್ತಿದ್ದವು. ಹಿಂದಿನ ತುಂಡು ಮಾತ್ರ ಸಾಕು ಎಂದರು. ಕ್ಯಾಬಿನ ರೆಗ್ಯುಲೇಟರ್ ಹಿಡಿಗೆ ಗಾಳಿಯ ವಾಲ್ವನ್ನು ಒಂದು ಸರಳಿನಿಂದ ಜೋಡಿಸಿದರು. ಹಿಡಿ ಎಳೆದರೆ ಗಾಳಿ ಹೋಗುತ್ತದೆ. ಚಿಮಣಿಯಲ್ಲಿ ಎಣ್ಣೆಬಟ್ಟೆ ಸುಟ್ಟು ಹೊಗೆ ಬರಿಸಿದರೆ ಜನಕ್ಕೆ ಚೆಂದ ಎಂದು ಯಾರೋ ಸಲಹೆ ಕೊಟ್ಟರು. ಬೇಡ ಎಂದವರು ಮೇಸ್ತ್ರಿ. ಕೊರಳಿನ ತೂತನ್ನೂ ಮುಚ್ಚಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಇಂಜಿನ್ ಹೊರಗೆ ಬಂತು. ಜನ ಹೆಚ್ಚಿರಲಿಲ್ಲ. ಪೂರ್ವದಿಂದ ಎರಡು ರೈಲು ಬದಲಿಸಿ ಆ ಫೈರ್‌ಮನ್ ಬಂದಿದ್ದರು. ಸಣಕಲು ಮೈ, ಕೈಯಲ್ಲಿ ಊರುಗೋಲು. ಅವರನ್ನು ಕ್ಯಾಬಿಗೆ ಹತ್ತಿಸಲು ಮೇಸ್ತ್ರಿ ಕೆಳಗಿನಿಂದ ಎತ್ತಿದರು, ಚಾಚಾ ಮೇಲಿನಿಂದ ಎಳೆದರು. ನಾನೂ ಹತ್ತಿ ಒಂದು ಮೂಲೆಯಲ್ಲಿ ನಿಂತೆ.

ಚಾಚಾ ಹಿಡಿಯ ಮೇಲೆ ಕೈಯಿಟ್ಟು ಒಮ್ಮೆ ಕಣ್ಣು ಮುಚ್ಚಿದರು. ಎಳೆದರು. ಕೆಳಗೆಲ್ಲೋ ಗಾಳಿ ಬುಸುಗುಟ್ಟಿತು. ಏನೂ ಆಗಲಿಲ್ಲ. ಇನ್ನಷ್ಟು ಎಳೆದರು. ಕಾಲ ಕೆಳಗಿನ ತಗಡು ನಡುಗಿ, ಅಷ್ಟು ದೊಡ್ಡ ಭಾರ ಮೆಲ್ಲಗೆ ಮುಂದೆ ಹೋಯಿತು. ಶೆಡ್ಡಿನ ಹೊರಗೆ ಹಳಿಯ ತಿರುವಿನಲ್ಲಿ ಮುಂದಿನ ತುಂಡು ಮೊದಲು ಪಕ್ಕಕ್ಕೆ ತಿರುಗಿದ್ದನ್ನು ಕಿಟಕಿಯಿಂದ ನೋಡಿದೆ. ಹಳಿ ಮುಗಿಯುವಲ್ಲಿ ಚಾಚಾ ಹಿಡಿಯನ್ನು ಹಿಂದಕ್ಕೆ ತಳ್ಳಿದರು. ಇಂಜಿನ್ ನಿಂತಿತು. ಮೇಸ್ತ್ರಿ ಕೆಳಗಿನಿಂದ ಕೈ ಬೀಸಿದರು.

ಇಬ್ಬರಿಗೂ ಇಳಿಯುವ ಅವಸರವಿರಲಿಲ್ಲ. ಫೈರ್‌ಮನ್ ಊರುಗೋಲನ್ನು ಗೋಡೆಗೆ ಒರಗಿಸಿ, ಬೆಂಕಿಬಾಗಿಲ ಸುತ್ತಲಿನ ತಗಡಿನ ಮೇಲೆ ಅಂಗೈ ಇಟ್ಟರು. ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈ. ಆ ಕಾಲದಲ್ಲಿ ಅದರ ಹತ್ತಿರ ಮೊಣಕೈ ತಾಗಿದರೂ ಚರ್ಮ ಕಿತ್ತು ಬರುತ್ತಿತ್ತೆಂದು ಚಾಚಾ ನನಗೆ ಹೇಳಿದರು. ಫೈರ್‌ಮನ್ ತಿರುಗಿ, ಅದೇ ತಗಡಿಗೆ ಬೆನ್ನು ಕೊಟ್ಟು, ಮೆಲ್ಲಗೆ ಜಾರಿ ಕೆಳಗೆ ಕೂತರು. ಚಾಚಾ ಹೋಗಿ ಪಕ್ಕದಲ್ಲಿ ಕೂತರು. ಇಬ್ಬರೂ ಕಾಲು ಚಾಚಿ, ತಲೆ ಹಿಂದಕ್ಕೆ ಒರಗಿಸಿಕೊಂಡರು. ನಾನು ಚಹಾ ಹೇಳಿ ಬರಲು ಇಳಿದೆ.